ತರಗತಿಯ ಹಿಂದೆ ನಿಂತು ಕೇಳಿದ ಲೆಕ್ಕ

ಸ್ವಲ್ಪ ತಾಳಿ. ಎಲ್ಲ ಥರದ ಮಕ್ಕಳಿಗೂ ತಲುಪುವಂತೆ ಗಣಿತ ಕಲಿಸುವುದು ಹೇಗೆ ಅಂತ ನನ್ನನ್ನು ಕೇಳುವ ಮೊದಲು ಇದೊಂದನ್ನು ಓದಿಬಿಡಿ.

ದೇವನಹಳ್ಳಿಯಿಂದ ವಿಮಾನ ಹಾರಲು ಶುರುವಾಗಿ ಕೆಲವು ವರ್ಷಗಳಾಗಿದ್ದವು. ನಾನು ದೊಡ್ಡಬಳ್ಳಾಪುರದ ಒಂದು ಸಣ್ಣ ಶಾಲೆಯಲ್ಲಿ ಆರನೇ ತರಗತಿಗೆ ಲೆಕ್ಕ ಹೇಳಿಕೊಡುತ್ತಿದ್ದೆ. ಕಲಿಸುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಸೈಬರ್ ಕೆಫೆಯಲ್ಲಿ ಕೂತು ಓದಿಕೊಂಡು, ರಟ್ಟು, ಹುಣಸೆಬೀಜ ಜೋಡಿಸಿ ನಾನೇ ಪಾಠ ಕಟ್ಟುತ್ತಿದ್ದೆ. ಬೋರ್ಡಿನ ಹತ್ತಿರವೇ ನಿಲ್ಲುವ ಮೇಷ್ಟ್ರಿಗೆ ಹಿಂದಿನ ಬೆಂಚಿನವರು ಕಾಣುವುದಿಲ್ಲ ಅಂತ ಎಲ್ಲೋ ಓದಿ, ಮರುದಿನದಿಂದಲೇ ತರಗತಿಯ ಹಿಂದೆ ನಿಂತು ಬಾಯಿಲೆಕ್ಕ ಕೇಳತೊಡಗಿದೆ. ಹಿಂದೆ ಕೂರುತ್ತಿದ್ದ ಇಬ್ಬರು ಮೊದಲ ಸಲ ಕೈ ಎತ್ತಿದರು. ಖುಷಿಯಾಯಿತು.

ಮುಂದಿನ ಬೆಂಚಿನಲ್ಲಿ ನೇಕಾರರ ಮನೆಯ ಹುಡುಗಿಯೊಬ್ಬಳಿದ್ದಳು. ನಾನು ಬೋರ್ಡಿನ ಹತ್ತಿರವಿದ್ದಾಗ ಚೆನ್ನಾಗೇ ಉತ್ತರ ಹೇಳುತ್ತಿದ್ದವಳು ಈಗ ಹೆಸರು ಕರೆದರೂ ತಿರುಗುತ್ತಿರಲಿಲ್ಲ. ಪಕ್ಕದವಳು ತಿವಿದರೆ ಎದ್ದು ಬಾಯಿಗೆ ಬಂದ ಸಂಖ್ಯೆ ಹೇಳುತ್ತಿದ್ದಳು. ಮಕ್ಕಳು ನಗುತ್ತಿದ್ದರು. ನಾನು ಅವಳಿಗೆ ಎರಡನೇ ತರಗತಿಯ ಕೂಡುವ ಲೆಕ್ಕದ ಕಾರ್ಡು ಮಾಡಿಕೊಟ್ಟೆ. ಅಂಕಪಟ್ಟಿಗೆ ಸಹಿ ಹಾಕಲು ಬಂದ ಅವಳ ಅಪ್ಪನಿಗೆ, ಲೆಕ್ಕ ಇವಳ ತಲೆಗೆ ಹತ್ತುವುದು ಕಷ್ಟ ಅಂತಲೂ ಹೇಳಿದೆ. ಮರುವಾರದಿಂದ ಅವಳು ಬರಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಮನೆ ಹುಡುಕಿಕೊಂಡು ಹೋದೆ. ನಾಲ್ಕು ಪವರ್‌ಲೂಮ್ ಒಟ್ಟಿಗೆ ಓಡುತ್ತಿದ್ದವು. ನನ್ನ ಮಾತು ನನಗೇ ಕೇಳಿಸಲಿಲ್ಲ. ಅವಳು ಮೂಲೆಯಲ್ಲಿ ಕೂತು ಲಾಳಿಯ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದಳು. ಮಗ್ಗದ ಆ ಕಡೆಯಿಂದ ಅವಳ ಅಮ್ಮ ತುಟಿ ಆಡಿಸಿದರು. ಇವಳು ಎದ್ದು ನನಗೆ ಕುರ್ಚಿ ತಂದಳು. ಆ ಮನೆಯಲ್ಲಿ ಎಲ್ಲರೂ ಮಾತಾಡುತ್ತಿದ್ದುದೇ ಹಾಗೆ.

ನಾನು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡೆ. ಅವಳ ಎದುರು ಕೂತು, ದನಿ ಹೊರಡಿಸದೆ, ಹದಿನಾಲ್ಕಾರ್ಲ ಎಷ್ಟು ಅಂತ ಕೇಳಿದೆ. ಅವಳು ಬೆರಳಲ್ಲಿ ಎಂಟು ತೋರಿಸಿದಳು, ಆಮೇಲೆ ನಾಲ್ಕು.

ಅವಳ ಅಪ್ಪನನ್ನು ಹೊರಗೆ ಕರೆದು, ಇವಳಿಗೆ ಲೆಕ್ಕ ಬರುತ್ತದೆ, ಕಿವಿ ಸರಿಯಾಗಿ ಕೇಳುತ್ತಿಲ್ಲ, ತಪ್ಪು ನನ್ನದು ಅಂದೆ.

"ಕಿವಿಗೇನಾಗೈತೆ ಮೇಷ್ಟ್ರೇ? ಮನೇಲಿ ಹೇಳಿದ್ದೆಲ್ಲ ಮಾಡ್ತಾಳೆ," ಅಂದರು ಅವರು. "ತಲೆಗೆ ಹತ್ತಲ್ಲ ಅಂತ ನೀವೇ ಅಂದ್ರಲ್ಲ. ದೊಡ್ಡೋಳು ಏರ್‌ಪೋರ್ಟ್ ಕೆಲ್ಸಕ್ಕೆ ಹೋಯ್ತಾವ್ಳೆ. ಇಲ್ಲಿ ಕೈ ಬ್ಯಾಡ್ವಾ?"

ಇನ್ನೂ ಮೂರು ಸಲ ಹೋದೆ. ಕೊನೆಯ ಸಲ ಅವರು ಮಗ್ಗ ಬಿಟ್ಟು ಹೊರಗೆ ಬರಲೇ ಇಲ್ಲ. ಅವಳು ಮಾತ್ರ ಕೈ ನಿಲ್ಲಿಸಿ, ಏನಾದರೂ ಕೇಳುತ್ತೇನೇನೋ ಅಂತ ನನ್ನ ತುಟಿಯನ್ನೇ ನೋಡುತ್ತಿದ್ದಳು. ನಾನು ಏನೂ ಕೇಳದೆ ಬಂದುಬಿಟ್ಟೆ.

ಇಂಥ ಮಗು ನಿಮ್ಮ ತರಗತಿಯಲ್ಲೂ ಇದ್ದಿದ್ದರೆ, ಅದು ನಿಮಗೆ ಗೊತ್ತಾಗಿದ್ದು ಹೇಗೆ, ಮನೆಯವರನ್ನು ಒಪ್ಪಿಸಿದ್ದು ಹೇಗೆ, ದಯವಿಟ್ಟು ಬರೆಯಿರಿ. ನನ್ನ ಕೈಲಿ ಆಗಲಿಲ್ಲ.