ವಕೀಲರ ಪಡಸಾಲಿ

ಆಣೆಕಟ್ಟಿನ ಹಿನ್ನೀರು ಏರಿ ಹಳೇ ಬಾಗಲಕೋಟೆ ನೀರಾಗ ಹೋತು ಅನ್ನುವ ಮಾತನ್ನು ವಿಕಾಸ ಅಕ್ಷರಶಃ ನಂಬಿದ್ದ. ಮಂದಿ ಮನೆಗಳಿಗೆ ಬೀಗ ಹಾಕಿ ಎದ್ದು ಬಂದಿದ್ದಾರೆ, ಒಳಗೆ ಮಂಚ, ಕಪಾಟು, ಗೋಡೆ ಗಡಿಯಾರ ಇದ್ದಲ್ಲೇ ಇವೆ, ಪಡಸಾಲೆಯಲ್ಲಿ ಮೀನು ಅಡ್ಡಾಡುತ್ತವೆ ಎಂದು ಅವನ ತಿಳುವಳಿಕೆ. ಎರಡನೇ ಇಯತ್ತೆಯ ಹುಡುಗ ಹೀಗೆ ಅಂದುಕೊಂಡರೆ ನಡೆದೀತು. ಇವನು ಪಿಯುಸಿ ತನಕ ಅಂದುಕೊಂಡಿದ್ದ. ಬಾಗಿಲು, ತೊಲೆಗಳನ್ನೆಲ್ಲ ಕಿತ್ತು ಲಾರಿಗೆ ಹೇರಿ ತಂದಿದ್ದರೆಂದು ತಿಳಿದಾಗ ಮೀನುಗಳಿಗಾಗಿ ತುಸು ಕೆಡುಕೆನಿಸಿತ್ತು.

ಈಗ ಬಾದಾಮಿಯ ಒಂದು ಲಾಡ್ಜಿಗೆ ಅವನೇ ಮ್ಯಾನೇಜರು. ನೀರಿನ ಮೋಟರು ಚಾಲೂ ಮಾಡುವವನೂ ಅವನೇ. ಗುಹೆ ನೋಡಲು ಬಂದವರಿಗೆ ಮಲಗಲಿಕ್ಕೂ ಹಳೇದೇ ಬೇಕು ಎಂದು ಮಾಲೀಕ ಬಂಡೆಪ್ಪನಿಗೆ ಹೊಳೆದಿತ್ತು. "ಖರೆ ಹಳೇ ಪಡಸಾಲಿ ಒಂದು, ಕಂಬಾ ತೊಲಿ ಸಮೇತ ಹುಡುಕಿ ಕೊಡೋ. ನಿನ್ನ ನೌಕರಿ ಕಾಯಂ ಮಾಡತೇನಿ," ಅಂದಿದ್ದ.

ಅಂಥ ಪಡಸಾಲೆ ಇದ್ದದ್ದು ಮುಳುಗಿದ ಊರಿನವರಿಗಾಗಿ ಕಟ್ಟಿದ ನವನಗರದಲ್ಲಿ, ವಿಕಾಸನಿಗೆ ಮಗ್ಗಿ ಕಲಿಸಿದ ಸರಸ್ವತೀಬಾಯಿ ಅಕ್ಕೋರ ಮನೆಯಲ್ಲಿ. ಹೊರಗೆ ಎಲ್ಲರಂತೆ ಸಿಮೆಂಟು, ಗ್ರಿಲ್ಲು. ಒಳಗೆ ಕಾಲಿಟ್ಟರೆ ಎಣ್ಣೆ ಕುಡಿದು ಕಪ್ಪಾದ ಸಾಗವಾನಿ ಕಂಬಗಳು. ಗೂಡಿನ ಕಲ್ಲಿಗೆ ಹತ್ತಿದ ದೀಪದ ಮಸಿ ಸಹ ಹಾಗೇ. ಗೂಟದಲ್ಲಿ ಅವರ ಮಾವ, ತೀರಿಕೊಂಡ ಪಂಢರೀನಾಥ ವಕೀಲರ ಕರಿ ಟೊಪ್ಪಿಗೆ. ಒಂದೊಂದನ್ನೂ ಮುಟ್ಟಿ ಮುಟ್ಟಿ ನೋಡಿದ ವಿಕಾಸ, ಲೋಡು ಒರಗಿಸಿದ್ದ ಗಾದಿಯ ಮೇಲೆ ಕೂತ.

"ಅಲ್ಲೆ ಬ್ಯಾಡಪಾ, ಏಳು. ಅದು ನನ್ನ ಜಾಗಾ," ಅಂದರು ಅಕ್ಕೋರು. "ಈ ಕಡೆ ಕೂಡು. ಪಕ್ಷಗಾರರು ಕೂಡತಿದ್ದ ಕಡೆ."

"ವಕೀಲರು ಎಲ್ಲೆ ಕೂಡತಿದ್ದರ್ರೀ?"

"ನೀ ಈಗ ಎದ್ದೆಲ್ಲ, ಅಲ್ಲೇ."

ಒಳಬಾಗಿಲಿಗೆ ಒಂದು ಸರಪಳಿ ಜೋತುಬಿದ್ದಿತ್ತು. "ಇದೇನ್ರಿ, ಕಾಲಿಂಗ್ ಬೆಲ್ಲೇನು?"

"ಹಂಗೇ ತಿಳಕೋ. ಹೆಣ್ಣಮಕ್ಕಳು ಪಡಸಾಲಿಗೆ ಬರೂಹಂಗ ಇದ್ದಿಲ್ಲ. ಹೊಸ್ತಲದ ಮ್ಯಾಲೆ ಚಹಾದ ತಾಟು ಇಟ್ಟು, ಸರಪಳಿ ಬಡದು, ಹಿಂದ ಸರೀಬೇಕು."

"ಮತ್ತ ಸಾಲಿಗೆ ಹೆಂಗ ಹೋಗತಿದ್ದಿರಿ?"

"ಹಿತ್ತಲ ಬಾಗಲಾ ಇತ್ತಲ್ಲ."

ವಿಕಾಸ ಗಂಟಲು ಸರಿಮಾಡಿಕೊಂಡು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದ. ಬಾದಾಮಿಗೆ, ನಮ್ಮ ಮಾಲೀಕ ಬಂಡೆಪ್ಪನ ಲಾಡ್ಜಿಗೆ ಕೊಟ್ಟರೆ ಜೋಪಾನವಾಗಿ ಇಡುತ್ತೇವೆ, ನಾಕು ದೇಶದ ಮಂದಿ ನೋಡುತ್ತಾರೆ, ವಕೀಲರ ಹೆಸರು ಉಳಿಯುತ್ತದೆ. ತನ್ನ ನೌಕರಿಯೂ ಉಳಿಯುತ್ತದೆ ಎಂಬುದೊಂದನ್ನು ಬಿಟ್ಟ.

"ನಿನ್ನ ನೌಕರಿ ಕಾಯಂ ಮಾಡತೇನಿ ಅಂದಾನೇನು?" ಅಂದರು ಅಕ್ಕೋರು. ಮಗ್ಗಿ ತಪ್ಪಿದಾಗಲೂ ಹೀಗೇ ಹಿಡಿಯುತ್ತಿದ್ದರು.

"ಹೂಂ ರಿ."

"ಮನಿ ಬಿಡೂ ಮುಂದ ನಮ್ಮವರೂ ಇವನ್ನ ಮಾರೇ ಬಿಡೂಣ ಅಂದಿದ್ದರು. ನಾ ನನ್ನ ಪಗಾರದಾಗ ಲಾರಿ ತರಿಸಿದೆ."

ಅಷ್ಟರಲ್ಲಿ ಸರಪಳಿ ಸದ್ದು ಮಾಡಿತು. ಅಕ್ಕೋರ ಯಜಮಾನರು ಹೊಸ್ತಿಲ ಮೇಲೆ ಚಹಾದ ತಾಟು ಇಟ್ಟು, ವಿಕಾಸನತ್ತ ಕಣ್ಣು ಮಿಟುಕಿಸಿ, ಹಿಂದೆ ಸರಿದರು. ಅಕ್ಕೋರು ಗಾದಿಯ ಮೇಲೆ ಕೂತು, ಲೋಡಿಗೆ ಒರಗಿ, ಕಾಲು ಚಾಚಿದರು. ತಾಟು ಎತ್ತಿ ತಂದವನು ವಿಕಾಸ.

ಕಾಯಂ ನೌಕರಿ ಹೇಗೂ ಹೋಯಿತು, ಕುತೂಹಲವಾದರೂ ತೀರಲಿ ಎಂದು ಅವನು ಕೇಳಿಯೇಬಿಟ್ಟ: "ಅಕ್ಕೋರ, ಸಿಟ್ಟಾಗಬ್ಯಾಡ್ರಿ. ಇದನ್ನ ಮಾವನವರ ನೆನಪಿಗೆ ಇಟ್ಟೀರೋ, ಅವರ ಮ್ಯಾಲಿನ ಸೇಡಿಗೆ ಇಟ್ಟೀರೋ?"

ಅಕ್ಕೋರು ಬಸಿಗೆ ಚಹಾ ಸುರುವಿಕೊಂಡರು.

"ಕೂಡಲಿಕ್ಕೆ ಇಟ್ಟೇನಿ. ಇನ್ನೂ ಎದ್ದಿಲ್ಲ ಅಂತ ಬಂಡೆಪ್ಪಗ ಹೇಳು."