ಬಾಣಂತನದ ಹನಮವ್ವ

ಹನಮವ್ವನ ಕೈಯಿಂದ ಎರೆಸಿಕೊಳ್ಳದ ಬಾಣಂತಿಯರನ್ನು ಮಿಶ್ರಿಕೋಟಿಯಲ್ಲಿ ಹುಡುಕಿದರೆ ಒಬ್ಬಿಬ್ಬರು ಸಿಕ್ಕಾರು. ಹಂಡೆಗಟ್ಟಲೆ ಸುಡುನೀರು ಸುರಿದು, ಹಳೇ ಧೋತರದಿಂದ ಹೊಟ್ಟೆಯನ್ನು ಉಸಿರು ಸಿಗದಂತೆ ಬಿಗಿದು, ಹೊರಸಿನ ಕೆಳಗೆ ಕೆಂಡವಿಟ್ಟು ಮಲಗಿಸಿದರೇ ಅವಳ ಲೆಕ್ಕದಲ್ಲಿ ಬಾಣಂತನ. ಕುರಿ ಕಾಯುವ ಗಂಡನ ಬೆನ್ನಿಗೆ ಅಡವಿ ತಿರುಗಿದ ಹೆಂಗಸನ್ನು ದೊಡ್ಡ ದೊಡ್ಡ ಮನೆಯವರು ಕರೆಸಿ ಚಾಪೆ ಹಾಸಿ ಕೂಡಿಸುತ್ತಿದ್ದುದು ಆ ಕೈಗುಣಕ್ಕಾಗಿಯೇ. ಅರವತ್ತೆರಡು ತುಂಬಿದರೂ ಅವಳಿಗೆ ಅದರ ಹಮ್ಮು ಇಳಿದಿರಲಿಲ್ಲ.

ಸೊಸೆ ಸವಿತಾಳ ಅಂಡಾಶಯದಲ್ಲಿ ಬೆಳೆದಿದ್ದ ಗಡ್ಡೆಯನ್ನು ಹುಬ್ಬಳ್ಳಿಯ ದವಾಖಾನೆಯಲ್ಲಿ ಹೊಟ್ಟೆಗೆ ಮೂರು ಸಣ್ಣ ತೂತು ಮಾಡಿ ತೆಗೆದರು. ಮುಂಜಾನೆ ಹೋಗಿ ಸಂಜೆಗೆ ಮನೆ ಸೇರುವಂಥ ಆಪರೇಷನ್. ಕಳಿಸುವ ಮೊದಲು ನರ್ಸು, "ಮನ್ಯಾಗ ನಿಮ್ಮನ್ನ ಯಾರು ನೋಡ್ಕೋತಾರ್ರಿ? ಅವರಿಗೆ ಎಲ್ಲಾ ತಿಳಿಸಿ ಹೇಳಬೇಕು" ಎಂದಳು. ಹನಮವ್ವ ಕೈಚೀಲ ಹಿಡಿದು ಮಂಚದ ಪಕ್ಕದಲ್ಲೇ ನಿಂತಿದ್ದಳು. ಸವಿತಾ ಅವಳತ್ತ ನೋಡಲೇ ಇಲ್ಲ.

"ನಾಜಿಮಾ ಅಂತರಿ, ನಮ್ಮ ಬಾಜೂ ಮನಿಯಾಕಿ. ಹೊರಗ ಕುಂತಾಳ, ಕರೀರಿ" ಎಂದಳು.

ಹನಮವ್ವನ ಮೈಯೆಲ್ಲ ಉರಿದುಹೋಯಿತು. ಊರಿಗೆಲ್ಲ ಬೇಕಾದ ಕೈ ಸ್ವಂತ ಸೊಸೆಗೆ ಬೇಡವಾಯಿತು. ಹಿತ್ತಲ ಗಿಡ ಮದ್ದಲ್ಲ ಎಂದು ಬಲ್ಲವರು ಸುಮ್ಮನೆ ಹೇಳಿಲ್ಲ.

ನಾಜಿಮಾ ಜಂಪರು ಹೊಲಿಯುವವಳು, ಸವಿತಾಳ ವಾರಿಗೆಯವಳು. ಮುಂಜಾನೆ ಸಂಜೆ ಬಂದು ಗುಳಿಗೆ ನುಂಗಿಸುತ್ತಿದ್ದಳು, ಪಟ್ಟಿ ಒಣಗಿದೆಯೋ ನೋಡುತ್ತಿದ್ದಳು, ಕೈ ಹಿಡಿದು ಅಂಗಳದಲ್ಲಿ ನಾಲ್ಕು ಹೆಜ್ಜೆ ಅಡ್ಡಾಡಿಸುತ್ತಿದ್ದಳು. "ಒಂದಕ್ಕ ಸರಳ ಆತೇನು? ಉರೀತೈತೇನು?" ಎಂದು ಕೇಳುತ್ತಿದ್ದಳು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಹನಮವ್ವನ ಕಿವಿ ಅಲ್ಲೇ ಇರುತ್ತಿತ್ತು. ಒಂದಕ್ಕೆ ಹೋದದ್ದನ್ನು ಕೇಳುವುದೂ ಒಂದು ವಿದ್ಯೆಯೇ ಎಂದು ಮೂಗು ಮುರಿಯುತ್ತಿದ್ದಳು. ಇಬ್ಬರೂ ಪಿಸುಗುಟ್ಟಿ ನಕ್ಕರಂತೂ ರೊಟ್ಟಿಯ ಮೇಲೆ ಎರಡು ಪೆಟ್ಟು ಹೆಚ್ಚಿಗೆ ಬೀಳುತ್ತಿದ್ದವು. ಒಂದು ದಿನ ನಾಜಿಮಾ ತಂದಿಟ್ಟ ಗಂಜಿಯನ್ನು ಎಮ್ಮೆಗೆ ಸುರಿದು, ಹಳಸಿತ್ತು ಎಂದುಬಿಟ್ಟಳು. ಗಂಜಿ ಇನ್ನೂ ಹಬೆಯಾಡುತ್ತಿತ್ತು.

ನಾಲ್ಕನೆಯ ದಿನ ನಾಜಿಮಾ ಮದುವೆಗೆಂದು ಕಲಘಟಗಿಗೆ ಹೋದಳು. ಅವಳ ಬಸ್ಸು ಊರು ದಾಟುವಷ್ಟರಲ್ಲಿ ಹನಮವ್ವ ಹಂಡೆಯ ಕೆಳಗೆ ಉರಿ ಹಚ್ಚಿದ್ದಳು.

"ದವಾಖಾನ್ಯಾಗ ಕಟ್ಟಬ್ಯಾಡ ಅಂದಾರ್ರಿ ಅತ್ತಿ. ಸುಡುನೀರೂ ಬ್ಯಾಡಂತ" ಎಂದಳು ಸವಿತಾ.

"ಅವರೇನು ಹಡದಾರ? ಆಪರೇಷನ್ ಆದ್ರೂ ಹೊಟ್ಟಿ ಹೊಟ್ಟೀನ. ಬಿಗದು ಕಟ್ಟಲಿಲ್ಲಂದ್ರ ಗಾಳಿ ಸೇರತೈತಿ."

ಸವಿತಾ ಗೋಡೆ ಹಿಡಿದು ತುಟಿ ಕಚ್ಚಿದಳು. ಹನಮವ್ವ ಎರೆದಳು, ಮೊಣಕಾಲು ಊರಿ ಧೋತರ ಬಿಗಿದಳು. ಎಷ್ಟೋ ದಿನಗಳ ಮೇಲೆ ಅವಳಿಗೆ ಹಾಯೆನಿಸಿತು. ಆ ಹಾಯಿ ಒಂದು ತಾಸೂ ಉಳಿಯಲಿಲ್ಲ. ಧೋತರದ ಮೇಲೆ ರಕ್ತ ಒಸರಿತು. ಮಗ ಬೀರೇಶ ಹೊಲದಿಂದ ಓಡಿ ಬಂದು ದವಾಖಾನೆಗೆ ಫೋನ್ ಹಚ್ಚಿದ. ಕಟ್ಟು ಬಿಚ್ಚಿ, ಒಣ ಅರಿವೆ ಒತ್ತಿ ಹಿಡಿಯಿರಿ, ನಿಲ್ಲದಿದ್ದರೆ ತಕ್ಷಣ ಕರೆದುಕೊಂಡು ಬನ್ನಿ ಎಂದರು. ಪುಣ್ಯಕ್ಕೆ ನಿಂತಿತು.

"ಇದನ್ನ ಕಟ್ಟಂತ ಯಾರು ಹೇಳಿದ್ರು?" ಎಂದ ಬೀರೇಶ, ತಾಯಿಯನ್ನು ನೋಡುತ್ತ.

"ನಾನ ಹೇಳಿದ್ದೆ" ಎಂದಳು ಸವಿತಾ.

ಮಗ ನಾಲ್ಕು ಬೈದಿದ್ದರೆ ಹನಮವ್ವನಿಗೆ ಹಗುರಾಗುತ್ತಿತ್ತು. ಅವನು ಹೊರಗೆ ಹೋದ ಮೇಲೆ ಅವಳಿಗೆ ತಡೆಯಲಾಗಲಿಲ್ಲ. "ನನ್ನ ಸಲುವಾಗಿ ಸುಳ್ಳು ಹೇಳಾಕಿ, ದವಾಖಾನ್ಯಾಗ ನನ್ನ ಹೆಸರು ಯಾಕ ಹೇಳಲಿಲ್ಲ? ನನ್ನ ಕೈಯಾಗ ಇಲ್ಲದ್ದು ಆಕಿ ಕೈಯಾಗ ಏನೈತಿ?"

ಸವಿತಾ ಹೊಟ್ಟೆಯ ಮೇಲಿನ ಅರಿವೆಯನ್ನು ಒತ್ತಿ ಹಿಡಿದಳು. "ನಮ್ಮ ಸಣ್ಣ ಮಗನ ಬಾಣಂತನದಾಗ, ಸುಡತೈತ್ರಿ ಅತ್ತಿ, ಸಾಕ್ರಿ ಅಂತ ಒದರಿದ್ದೆ. ನೀವು ಮತ್ತೊಂದು ತಂಬಿಗಿ ಸುರುವಿದ್ರಿ. ಆಕಿ ಸಾಕಂದ್ರ ಬಿಡತಾಳ್ರಿ."

ಒದರದ ಬಾಣಂತಿ ಒಬ್ಬಳಾದರೂ ಇದ್ದಳೇ? ಒದರಿದಷ್ಟೂ ಮೈ ಗಟ್ಟಿ ಎಂದು ಹನಮವ್ವ ಊರ ತುಂಬ ಹೇಳಿಕೊಂಡು ತಿರುಗಿದ್ದಳು. ಬಚ್ಚಲಿನಲ್ಲಿ ಅತ್ತವರ ಮುಖ ಒಂದೊಂದಾಗಿ ನೆನಪಾಯಿತು. ಆ ಹೊತ್ತಿನ ಅಡುಗೆಗೆ ಉಪ್ಪು ಹಾಕಿದಳೋ ಇಲ್ಲವೋ ಅವಳಿಗೇ ತಿಳಿಯಲಿಲ್ಲ.

ಸಂಜೆ ಸವಿತಾ ಏಳಲು ಹೊರಸಿನ ಅಂಚು ಹಿಡಿದಳು. ಹನಮವ್ವ ಹತ್ತಿರ ಹೋಗಿ ಕೈ ಚಾಚಿದವಳು, ಹಿಂದೆ ತೆಗೆದುಕೊಂಡಳು.

"ನಾ ಹಿಡೀಲೇನು?"

ಅಷ್ಟು ವರ್ಷದಲ್ಲಿ ಅವಳು ಯಾರನ್ನೂ ಹೀಗೆ ಕೇಳಿದವಳಲ್ಲ. ಸವಿತಾ ಆ ಕೈಯನ್ನು ನೋಡಿದಳು.

"ನಾಜಿಮಾ ಬಂದಾಳೇನು ನೋಡ್ರಿ ಅತ್ತಿ" ಎಂದಳು.

ಹೊಟ್ಟೆಕಿಚ್ಚು ಮೊದಲಿನಷ್ಟೇ ಉರಿಯಿತು. ಆದರೂ ಹನಮವ್ವ ಅಂಗಳಕ್ಕೆ ಹೋಗಿ, ಆಗಷ್ಟೇ ಬಂದು ಬಾಗಿಲು ತೆರೆಯುತ್ತಿದ್ದ ನಾಜಿಮಾಳನ್ನು ಗೋಡೆಯ ಈಚೆಯಿಂದ ಕೂಗಿದಳು.

"ಲಗೂನ ಬಾರವ್ವಾ. ನಿನ್ನ ಕರ್ಯಾಕತ್ತಾಳ."