ಜೇಬಕ್ಕನ ಕೆಂಪು ದಾರ

ಅವಳನ್ನು ಓಣಿಯಲ್ಲಿ ಎಲ್ಲರೂ ಜೇಬಕ್ಕ ಎಂದೇ ಕರೆಯುತ್ತಿದ್ದರು. ವಿಮಾನದ ಟಿಕೆಟ್ ಮಾಡಿಸಿಕೊಡುವ ಆಫೀಸಿನ ಮೆಟ್ಟಿಲ ಕೆಳಗೆ ಅವಳ ಅಂಗಡಿ. ಒಂದು ಹೊಲಿಗೆ ಯಂತ್ರ, ಒಂದು ಸ್ಟೂಲು, ಗೋಡೆಯ ಮೇಲೊಂದು ಕನ್ನಡಿ ಇಟ್ಟರೆ ಜಾಗ ಮುಗಿಯಿತು. ಮೊದಲೆಲ್ಲ ಪರದೆ, ದಿಂಬಿನ ಚೀಲ ಹೊಲಿಯುತ್ತಿದ್ದಳು. ಒಂದು ದಿನ ಮೇಲಿನ ಆಫೀಸಿನಿಂದ ಇಳಿದು ಬಂದ ಮುದುಕಿಯೊಬ್ಬಳು ಪಾಸ್‌ಪೋರ್ಟನ್ನು ಎದೆಗೆ ಒತ್ತಿಕೊಂಡು ನಿಂತಳು.

"ಇದನ್ನ ಎಲ್ಲಿಡ್ಲಿ ತಾಯಿ? ಕೈ ನಡುಗುತ್ತೆ."

ಜೇಬಕ್ಕ ಆ ಮುದುಕಿಯ ಒಳಲಂಗದ ಒಳಬದಿಗೆ, ತೊಡೆಯ ಪಕ್ಕದಲ್ಲಿ, ಅಂಗೈಯಗಲದ ಜೇಬೊಂದನ್ನು ಹೊಲಿದುಕೊಟ್ಟಳು. ಜೇಬಿನ ಬಾಯಿಯನ್ನೂ ಹೊಲಿದು ಮುಚ್ಚಿ, ಕೊನೆಯಲ್ಲಿ ಕೆಂಪು ದಾರದ ತುದಿಯೊಂದನ್ನು ಹೊರಗೆ ಬಿಟ್ಟಳು. ಅದನ್ನು ಎಳೆದರೆ ಹೊಲಿಗೆಯೆಲ್ಲ ಸರ್ರನೆ ಬಿಚ್ಚಿಕೊಳ್ಳುತ್ತಿತ್ತು. ಮುದುಕಿ ಕ್ಷೇಮವಾಗಿ ಹೋಗಿ ಬಂದಳು. ಅಂದಿನಿಂದ ಪರದೇಶಕ್ಕೆ ಹೊರಟವರೆಲ್ಲ ಮೆಟ್ಟಿಲಿಳಿದು ಅವಳ ಸ್ಟೂಲಿನ ಮುಂದೆ ನಿಲ್ಲತೊಡಗಿದರು.

ಕೂಲಿಯ ಜೊತೆಗೆ ಅವಳದೊಂದು ಷರತ್ತಿತ್ತು. ಬಂದ ಮೇಲೆ ಅಲ್ಲಿ ಏನಾಯಿತೆಂದು ಹೇಳಬೇಕು. ಅವರು ಹಿಮದ ಬೆಟ್ಟ, ಗಾಜಿನ ಸೇತುವೆ, ದೋಣಿ ಎಂದು ಹೇಳುತ್ತ ಹೋದರೆ ಇವಳ ಕಿವಿಗೆ ಬೀಳುತ್ತಿದ್ದುದು ಕಳೆದ ಪೆಟ್ಟಿಗೆ, ತಪ್ಪಿದ ರೈಲು, ಬ್ಲೇಡಿನಿಂದ ಸೀಳಿದ ಚೀಲ ಮಾತ್ರ. ಹಾಗೆ ಆಯ್ದುಕೊಂಡ ಭಯಗಳನ್ನೇ ಅವಳು ಮುಂದಿನವರಿಗೆ ಬುದ್ಧಿಮಾತಾಗಿ ಹಂಚುತ್ತಿದ್ದಳು.

"ಪೆಟ್ಟಿಗೆಗೆ ಬಣ್ಣದ ಬಟ್ಟೆ ಕಟ್ಟಿ, ಕರೀ ಪೆಟ್ಟಿಗೆ ಎಲ್ಲರದ್ದೂ ಒಂದೇ ಥರ ಇರುತ್ತೆ. ಮಾತ್ರೆ ಕೈಚೀಲದಲ್ಲಿರ್ಲಿ, ಜೊತೆಗೆ ಡಾಕ್ಟರ್ ಚೀಟಿ. ಉಳಿಯೋ ಜಾಗದ ವಿಳಾಸ ಆ ದೇಶದ ಅಕ್ಷರದಲ್ಲೇ ಬರೆಸ್ಕೊಳ್ಳಿ, ಟ್ಯಾಕ್ಸಿಯವನಿಗೆ ತೋರಿಸಿದ್ರೆ ಸಾಕು. ಯಾರಾದ್ರೂ ಈ ಗಂಟು ಸ್ವಲ್ಪ ಹಿಡ್ಕೊಳ್ಳಿ ಅಂದ್ರೆ ಕೈ ಕಟ್ಕೊಂಡು ನಿಲ್ಲಿ. ದಾರಿ ತಪ್ಪಿದ್ರೆ ಇದ್ದಲ್ಲೇ ಇರಿ. ಅಸಲು ಒಂದು ಕಡೆ, ನಕಲು ಇನ್ನೊಂದು ಕಡೆ. ಎಲ್ಲಾ ಒಂದೇ ಕಡೆ ಇಟ್ರೆ ಇಟ್ಟಂಗಲ್ಲ."

"ನೀವು ಎಷ್ಟು ದೇಶ ಸುತ್ತಿದ್ದೀರಮ್ಮಾ?" ಎಂದು ಯಾರಾದರೂ ಕೇಳಿದರೆ ಹಲ್ಲಿನ ನಡುವೆ ಗುಂಡುಸೂಜಿ ಕಚ್ಚಿಕೊಂಡು ಹೊಲಿಗೆಯ ಮೇಲೆ ಬಾಗುತ್ತಿದ್ದಳು. ಅವಳು ಊರ ಹೊರಗಿನ ಸೇತುವೆಯನ್ನು ದಾಟಿದ್ದೇ ಎರಡು ಸಲ.

ಅವಳಿಗೆ ಹದಿನೈದಾಗಿದ್ದಾಗ ತಾಯಿ ತೀರಿಕೊಂಡಿದ್ದಳು. ಆಗ ತಂಗಿಗೆ ನಾಲ್ಕು ವರ್ಷ. ಒಂದು ಕಾಲಿನಲ್ಲಿ ಯಂತ್ರ ತುಳಿಯುತ್ತ, ಇನ್ನೊಂದು ಕಾಲಿನ ಮೇಲೆ ಆ ಮಗುವನ್ನು ಮಲಗಿಸಿಕೊಂಡು ಬೆಳೆಸಿದಳು. ಆ ತಂಗಿ ಈಗ ಪರದೇಶದ ದೊಡ್ಡ ಹೋಟೆಲೊಂದರಲ್ಲಿ ಹಾಸಿಗೆ ಹೊದಿಕೆ ಒಗೆಯುವ ಕೆಲಸಕ್ಕಿದ್ದಳು. ಆರು ವರ್ಷವಾಗಿತ್ತು. ಒಂದು ಬೆಳಗ್ಗೆ ಅವಳ ಫೋನು ಬಂತು. ಹೊಟ್ಟೆಯಲ್ಲಿ ಗಡ್ಡೆ. ಆಪರೇಷನ್‌ಗೆ ದಿನ ಕೊಟ್ಟಿದ್ದಾರೆ, ಮಧ್ಯಾಹ್ನ ಮೂರಕ್ಕೆ. ಅದು ತಪ್ಪಿದರೆ ಮತ್ತೆ ಮೂರು ವಾರ ಕಾಯಬೇಕು. ಗಡ್ಡೆ ಅಷ್ಟು ದಿನ ಕಾಯುತ್ತದೆಂದು ಡಾಕ್ಟರು ಹೇಳಲಿಲ್ಲ.

"ನಿನ್ನ ಮುಖ ನೋಡದೆ ನಾನು ಸಹಿ ಹಾಕಲ್ಲ ಅಕ್ಕಾ. ಒಳಗೂ ಹೋಗಲ್ಲ."

"ನಾನಾ? ಅಲ್ಲಿಗಾ?"

"ಮತ್ಯಾರಿದ್ದಾರೆ ನನಗೆ?"

ಆಸ್ಪತ್ರೆಯವರು ಮೊಹರು ಒತ್ತಿದ ಪತ್ರ ಕಳಿಸಿದರು. ಟಿಕೆಟ್ ಆಫೀಸಿನ ಗುಮಾಸ್ತ ಓಡಾಡಿ ವೀಸಾ ಮಾಡಿಸಿಕೊಟ್ಟ. "ಪಾಸ್‌ಪೋರ್ಟು, ಈ ಪತ್ರ, ಎರಡೂ ಕೈಯಲ್ಲಿರ್ಲಿ ಜೇಬಕ್ಕ. ಇಳಿದ ತಕ್ಷಣ ಕೇಳ್ತಾರೆ" ಎಂದು ಮೂರು ಸಲ ಹೇಳಿದ. ಅವಳು ಮೂರು ಸಲವೂ ತಲೆಯಾಡಿಸಿದಳು.

ಹೊರಡುವ ದಿನ ತನ್ನ ಒಳಲಂಗವನ್ನು ಯಂತ್ರದ ಮೇಲೆ ಹಾಸಿ ಒಳಬದಿಗೆ ಜೇಬು ಹೊಲಿದಳು. ಕೈಚೀಲ ಸೀಳಿಸಿಕೊಂಡವಳ ನೆನಪಾಯಿತು. ಪಾಸ್‌ಪೋರ್ಟಾದರೂ ದಪ್ಪ ರಟ್ಟಿನದು, ಪತ್ರ ಬರೀ ಒಂದು ಹಾಳೆ. ಪತ್ರವನ್ನು ಜೇಬಿಗೆ ಇಟ್ಟಳು. ನಕಲನ್ನು ಬೇರೆ ಕಡೆ ಇಡಬೇಕೆಂದು ಎತ್ತಿದಳು. ಅದೂ ಕಳೆದುಹೋದರೆ ಎನ್ನಿಸಿ ಅದನ್ನೂ ಅಲ್ಲೇ ಇಟ್ಟಳು. ತಂಗಿಯ ನಂಬರಿನ ಚೀಟಿಯೂ ಅಲ್ಲಿಗೇ ಹೋಯಿತು. ಬಾಯಿ ಹೊಲಿದು ಕೆಂಪು ತುದಿ ಬಿಟ್ಟಳು. ಇದು ಸೀಟಿಗೆ ಸಿಕ್ಕಿ ಎಳೆದುಬಿಟ್ಟರೆ? ತುದಿಯನ್ನು ಕತ್ತರಿಸಿ ಗಂಟು ಹಾಕಿದಳು. ಆ ಹೊಲಿಗೆಯ ಮೇಲೆ ಇನ್ನೊಂದು ಸಾಲು ಹೊಲಿದಳು.

ಬಸ್ ಕಂಡಕ್ಟರಾಗಿದ್ದ ಗಂಡ ಬಾಗಿಲಿಗೊರಗಿ ನೋಡುತ್ತಿದ್ದ. "ಊರಿಗೆಲ್ಲ ಧೈರ್ಯ ಹೊಲಿದು ಕೊಡ್ತೀಯ. ನಿನ್ನ ಪಾಲಿಗೇ ಬಟ್ಟೆ ಸಾಲ್ದಾ?"

"ನಿಮಗೇನು, ದಿನಾ ಹೋಗ್ತೀರಿ, ಅದೇ ಬಸ್ಸಲ್ಲಿ ವಾಪಸ್ ಬರ್ತೀರಿ."

ವಿಮಾನದಲ್ಲಿ ಅವಳು ನಿದ್ದೆ ಮಾಡಲಿಲ್ಲ, ನೀರು ಮುಟ್ಟಲಿಲ್ಲ. ಒಂದು ಕೈ ತೊಡೆಯ ಮೇಲೇ ಇತ್ತು. ಹಾಳೆ ಚರಕ್ಕೆಂದರೆ ಜೀವ ಬರುತ್ತಿತ್ತು.

ಇಳಿದಾಗ ಹಗಲು, ಆಪರೇಷನ್ ಅಂದೇ ಮೂರಕ್ಕೆ. ಉದ್ದನೆಯ ಸಾಲು ಇರುವೆಯ ಸಾಲಿನಂತೆ ಸರಿಯಿತು. ಗಾಜಿನ ಹಿಂದಿನ ಅಧಿಕಾರಿ ಪಾಸ್‌ಪೋರ್ಟ್ ತಿರುವಿ ಏನೋ ಕೇಳಿದ. ಅವಳಿಗೆ ತಿಳಿಯಲಿಲ್ಲ. ಅವನು ಗಾಳಿಯಲ್ಲಿ ಕಾಗದದ ಆಕಾರ ಬರೆದು ತೋರಿಸಿದ. ಅವಳ ಕೈ ತಾನಾಗಿ ತೊಡೆಯ ಮೇಲಕ್ಕೆ ಹೋಯಿತು. ಅಲ್ಲಿ ತಡಕಿತು. ಎಳೆಯಲು ತುದಿಯಿಲ್ಲ.

ಅವಳು ತಡಕುವುದನ್ನು ಅವನು ನೋಡಿದ. ಫೋನೆತ್ತಿ ಎರಡು ಮಾತಾಡಿದ. ಹಿಂದಿನವರು ಒಂದು ಹೆಜ್ಜೆ ದೂರ ಸರಿದರು.

ಅವಳನ್ನು ಕರೆದೊಯ್ದ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಗೋಡೆಯ ಮೇಲೊಂದು ಗಡಿಯಾರ. ಹನ್ನೊಂದು ನಲವತ್ತು. ಕಿಟಕಿಯಿರಲಿಲ್ಲ. ಒಳಗೆ ಬಂದ ಅಧಿಕಾರಿಣಿ ರಬ್ಬರಿನ ಕೈಗವಸು ಹಾಕಿಕೊಂಡು ಅವಳ ಮೈ ತಡವಿದಳು. ಬೆರಳುಗಳು ತೊಡೆಯ ಬಳಿ ನಿಂತವು. ಅಧಿಕಾರಿಣಿ ತನ್ನ ಫೋನಿಗೆ ಏನೋ ಹೇಳಿದಳು. ಫೋನು ಅದನ್ನು ಏರಿಳಿತವಿಲ್ಲದ ದನಿಯಲ್ಲಿ ಜೇಬಕ್ಕನ ಭಾಷೆಗೆ ತಿರುಗಿಸಿ ಕೇಳಿತು. "ನೀವು ಬಟ್ಟೆಯೊಳಗೆ ಏನನ್ನು ಅಡಗಿಸಿದ್ದೀರಿ?"

ಜೀವವಿಲ್ಲದ ಬಾಯಿಂದ ತನ್ನ ಮಾತು ಬಂದದ್ದು ಕೇಳಿ ಅವಳಿಗೆ ಮೊದಲಿಗಿಂತ ಹೆಚ್ಚು ಹೆದರಿಕೆಯಾಯಿತು.

"ಪತ್ರ. ಆಸ್ಪತ್ರೆಯ ಪತ್ರ."

"ಪತ್ರವನ್ನು ಏಕೆ ಅಡಗಿಸಿದ್ದೀರಿ?"

"ಯಾರಾದ್ರೂ ತಗೊಂಡುಬಿಟ್ರೆ ಅಂತ."

"ಯಾರು?"

ಯಾರು ಎಂದು ಅವಳಿಗೂ ಗೊತ್ತಿರಲಿಲ್ಲ. ಕಣ್ಣ ಮುಂದೆ ತಂಗಿ ಹಾಸಿಗೆಯಲ್ಲಿ ಕೂತು ಬಾಗಿಲು ನೋಡುತ್ತಿದ್ದಳು, ಸಹಿಯಿಲ್ಲದ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು.

ಅಧಿಕಾರಿಣಿ ಕಾಗದ ಕತ್ತರಿಸುವ ದೊಡ್ಡ ಕತ್ತರಿ ತರಿಸಿದಳು. ಅದನ್ನು ಪ್ರಯಾಣಿಕರ ಕೈಗೆ ಕೊಡುವಂತಿಲ್ಲ, ತಾನೇ ಕತ್ತರಿಸುತ್ತೇನೆಂದು ಫೋನು ಹೇಳಿತು. ಜೇಬಕ್ಕ ಲಂಗವನ್ನು ಎರಡು ಮುಷ್ಟಿಯಲ್ಲೂ ಹಿಡಿದುಕೊಂಡಳು. ಹಾಳೆ ಹೊಲಿಗೆಯವರೆಗೂ ಒತ್ತಿಕೊಂಡಿತ್ತು. ಆ ಕತ್ತರಿ ಒಂದು ಎಳೆ ಒಳಗೆ ಸರಿದರೆ ಮೊಹರು ಎರಡು ತುಂಡು.

"ನಾನೇ ಬಿಚ್ತೀನಿ. ನಾನೇ ಹೊಲಿದದ್ದು. ದಮ್ಮಯ್ಯ."

ಗೋಡೆಗೆ ಮುಖ ಮಾಡಿ ನೆಲಕ್ಕೆ ಕೂತು, ಲಂಗದ ಅಂಚು ಮೇಲೆತ್ತಿ, ಹಲ್ಲು ಹಾಕಿದಳು. ದಾರಕ್ಕೆ ಹಲ್ಲು ಹಾಕಬಾರದೆಂದು ಕೆಲಸ ಕಲಿಸಿದಾಕೆ ಅವಳ ಬೆನ್ನಿಗೆ ಗುದ್ದಿ ಹೇಳಿಕೊಟ್ಟಿದ್ದಳು. ಮೊದಲ ಗಂಟು ಬಿಚ್ಚಲಿಲ್ಲ. ದಾರ ತುಟಿ ಕೊಯ್ದಿತು. ಸಾಸಿವೆಯಷ್ಟು ಚಿಕ್ಕ ಹೊಲಿಗೆಗಳು, ಒಂದರ ಮೇಲೊಂದು. ಇಪ್ಪತ್ತೆಂಟು ವರ್ಷದಲ್ಲಿ ಇಷ್ಟು ಒಳ್ಳೆಯ ಹೊಲಿಗೆಯನ್ನು ಅವಳು ಹಾಕಿರಲಿಲ್ಲ. ಗಡಿಯಾರದಲ್ಲಿ ಹನ್ನೆರಡೂ ಕಾಲು. ಕಣ್ಣೀರು ಬಿದ್ದು ಬಟ್ಟೆ ಒದ್ದೆಯಾಯಿತು, ಒದ್ದೆಯಾದ ದಾರ ಇನ್ನಷ್ಟು ಬಿಗಿಯಿತು.

ಪಕ್ಕದಲ್ಲಿ ಸಣ್ಣ ಸದ್ದಾಯಿತು. ಅಧಿಕಾರಿಣಿ ತನ್ನ ತಲೆಯಿಂದ ಹೇರ್‌ಪಿನ್ನೊಂದನ್ನು ಕಿತ್ತು ನೆಲದ ಮೇಲೆ, ಅವಳ ಮೊಣಕಾಲಿನ ಬಳಿ ಇಟ್ಟಿದ್ದಳು. ಕೂದಲೊಂದು ಜಾರಿ ಅವಳ ಕೆನ್ನೆಯ ಮೇಲೆ ಇಳಿದಿತ್ತು. ಮುಖ ಮಾತ್ರ ಬದಲಾಗಿರಲಿಲ್ಲ.

ಜೇಬಕ್ಕ ಪಿನ್ನಿನ ತುದಿಯಿಂದ ಒಂದೊಂದೇ ಹೊಲಿಗೆಯನ್ನು ಎಬ್ಬಿಸಿದಳು. ಮೊದಲ ಸಾಲು ಬಂತು. ಎರಡನೆಯದು ಅರ್ಧಕ್ಕೆ ಬಂದಾಗ ಬೆರಳು ತೂರಿ ಒಳಗಿದ್ದದ್ದನ್ನೆಲ್ಲ ಎಳೆದಳು. ಬೆವರಿಗೆ ಮೆತ್ತಗಾಗಿದ್ದರೂ ಪತ್ರದ ಮೊಹರು ದುಂಡಗೇ ಇತ್ತು. ಅಧಿಕಾರಿಣಿ ನಿಂತಲ್ಲೇ ಓದಿದಳು, ಆಸ್ಪತ್ರೆಗೆ ಫೋನು ಮಾಡಿದಳು, ತುಂಬ ಹೊತ್ತು ಕಾದಳು, ಮಾತಾಡಿದಳು. ಆಮೇಲೆ ಫೋನನ್ನು ಜೇಬಕ್ಕನ ಕಿವಿಗಿಟ್ಟಳು.

"ಅಕ್ಕಾ, ಎಲ್ಲಿದ್ದೀಯ?"

"ಇಲ್ಲೇ. ಬಾಗಿಲ ಈಚೆ."

"ಪತ್ರಾನ ಜೇಬಲ್ಲಿಟ್ಟು ಹೊಲಿದಿದ್ದೀಯಂತೆ. ಎರಡೆರಡು ಸಾಲು, ಅಲ್ವಾ?"

"ಹೂಂ."

ಆ ಕಡೆ ನಗು ಶುರುವಾಗಿ ನಡುವೆಯೇ ನಿಂತಿತು. "ನಗಿಸ್ಬೇಡ, ನೋವಾಗುತ್ತೆ. ಬೇಗ ಬಾ."

ಆಸ್ಪತ್ರೆ ತಲುಪಿದಾಗ ಎರಡು ಮುಕ್ಕಾಲು. ತಂಗಿಯನ್ನು ಗಾಲಿ ಮಂಚದ ಮೇಲೆ ಮಲಗಿಸಿದ್ದರು. ಅಕ್ಕನ ಮುಖ ನೋಡಿ ಪೆನ್ನು ಕೇಳಿದಳು, ಸಹಿ ಹಾಕಿದಳು.

"ತುಟಿಗೆ ಏನಾಯ್ತಕ್ಕಾ?"

"ದಾರ ತಾಗ್ತು."

ನರ್ಸು ಮಂಚ ತಳ್ಳಿದಳು. ಬಾಗಿಲು ಎರಡು ಕಡೆಯಿಂದ ಬಂದು ಕೂಡಿಕೊಂಡಿತು. ಮೂರೂವರೆ ಗಂಟೆ ಜೇಬಕ್ಕ ಆ ಬಾಗಿಲಿನ ಎದುರಿನ ಬೆಂಚಿನಲ್ಲಿ ಕೂತಳು. ಖಾಲಿ ಜೇಬಿನ ಮೇಲೆ ಕೈಯಿಟ್ಟುಕೊಂಡು, ಈಗ ಕಾಯಲು ಅದರಲ್ಲಿ ಏನೂ ಇಲ್ಲದೆ. ಆ ಹೆದರಿಕೆಯನ್ನು ಇಡಲು ಅವಳ ಬಳಿ ಜಾಗವೇ ಇರಲಿಲ್ಲ. ಡಾಕ್ಟರು ಹೊರಬಂದು ಮುಖಕ್ಕೆ ಕಟ್ಟಿದ ಬಟ್ಟೆಯನ್ನು ಕೆಳಗಿಳಿಸಿ, ಹೆಬ್ಬೆರಳು ಎತ್ತಿ ತೋರಿಸಿದರು. ಅದಕ್ಕೆ ಭಾಷೆ ಬೇಕಾಗಲಿಲ್ಲ.

ತಂಗಿಯ ಗಾಯ ಮಾಗುವ ತನಕ ಅಲ್ಲೇ ಇದ್ದು ಊರಿಗೆ ಬಂದಳು. ಹೇರ್‌ಪಿನ್ನು ಅವಳ ಕೈಚೀಲದಲ್ಲೇ ಉಳಿದು ಬಂದಿತ್ತು. ಅದನ್ನೀಗ ಸೂಜಿಮೆತ್ತೆಗೆ ಚುಚ್ಚಿಟ್ಟಿದ್ದಾಳೆ. ಭಯವೇನೂ ಹೋಗಿಲ್ಲ. ಸೇತುವೆ ದಾಟುವಾಗ ಈಗಲೂ ಬಸ್ಸಿನ ಸರಳನ್ನು ಎರಡು ಕೈಯಿಂದ ಹಿಡಿಯುತ್ತಾಳೆ.

ಮೊನ್ನೆ ಒಬ್ಬ ನಿವೃತ್ತ ಮೇಷ್ಟ್ರು, ಮೊದಲ ಸಲ ಪರದೇಶಕ್ಕೆ ಹೊರಟವರು, ಹೊಲಿದ ಜೇಬನ್ನು ಒತ್ತಿ ನೋಡಿದರು.

"ಯಾರಿಗೂ ಬಿಚ್ಚಕ್ಕಾಗಲ್ಲ ತಾನೇ?"

"ನೀವು ಬಿಚ್ಚಿ, ನೋಡೋಣ."

"ಈಗಲೇ? ಇಲ್ಲೇ?"

"ಇಲ್ಲೇ. ಮೂರು ಸಲ."

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಕೆಂಪು ತುದಿಗಾಗಿ ತಡಕಾಡಿದರು. ತುದಿ ಅವರ ಬೆರಳಿನ ಪಕ್ಕದಲ್ಲೇ ಇತ್ತು. ಜೇಬಕ್ಕ ತೋರಿಸಲಿಲ್ಲ. ಪೆಡಲಿನ ಮೇಲಿಂದ ಕಾಲು ತೆಗೆದು, ಅದು ಅವರಿಗೇ ಸಿಗುವ ತನಕ ಕಾದಳು.